ಒಡೆಯುತ್ತದೆ ಎಂದವನು, ಒಡೆದು ತೋರಿಸಿದವನು

ಸಂಖ್ಯೆ ಇದು: 14,75,73,95,25,89,67,64,12,927. ಒಟ್ಟು 21 ಅಂಕಿ. ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಇದು ಸಿಗುತ್ತದೆ. ಗಣಿತದವರು 2⁶⁷ − 1 ಎಂದು ಬರೆಯುತ್ತಾರೆ.

1644ರಲ್ಲಿ ಪ್ಯಾರಿಸ್ಸಿನ ಸಂನ್ಯಾಸಿ ಮಾರಾಂ ಮೆರ್ಸೆನ್ ಒಂದು ಪಟ್ಟಿ ಅಚ್ಚು ಹಾಕಿಸಿದ. 2ರ ಘಾತದಿಂದ ಒಂದು ಕಳೆದಾಗ ಅವಿಭಾಜ್ಯ ಸಂಖ್ಯೆ ಬರುವುದು, 257ರವರೆಗಿನ ಘಾತಾಂಕಗಳ ಪೈಕಿ, 2, 3, 5, 7, 13, 17, 19, 31, 67, 127, 257 ಎಂಬ ಹನ್ನೊಂದಕ್ಕೆ ಮಾತ್ರ ಎಂದ. ಇಂಥ ಒಂದೊಂದು ಅವಿಭಾಜ್ಯದಿಂದಲೂ 6, 28, 496ರಂಥ ಒಂದೊಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ ಎಂದು ಯೂಕ್ಲಿಡ್ ತೋರಿಸಿದ್ದರಿಂದ ಈ ಪಟ್ಟಿಗೆ ಬೆಲೆ ಇತ್ತು. 67 ಆ ಪಟ್ಟಿಯಲ್ಲಿ ಇನ್ನೂರಕ್ಕೂ ಹೆಚ್ಚು ವರ್ಷ ಕದಲದೆ ಕೂತಿತ್ತು.

1876ರಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ ಅದನ್ನು ಕೆಳಗಿಳಿಸಿದ. 2⁶⁷ − 1 ಅವಿಭಾಜ್ಯವಲ್ಲ ಎಂದ, ಆದರೆ ಅದರ ಒಂದು ಅಪವರ್ತನವನ್ನೂ ಹೇಳಲಿಲ್ಲ. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ್ದ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯ ಸಭೆಯ ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರಾಂಕ್ ನೆಲ್ಸನ್ ಕೋಲ್ ಅದರ ಎರಡು ಅಪವರ್ತನಗಳನ್ನೂ ಇಟ್ಟ: 19,37,07,721 ಮತ್ತು 7,61,83,82,57,287.

ಇವರಿಬ್ಬರಲ್ಲಿ ಆ ಸಂಖ್ಯೆಯನ್ನು ನಿಜವಾಗಿ ಅರಿತವನು ಯಾರು? ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರಿಗೂ, ಬೆಂಗಳೂರಿನಲ್ಲಿ ಮಾಹಿತಿ ಭದ್ರತೆಯ ಕೆಲಸದಲ್ಲಿರುವ ಅವರ ಹಳೆಯ ಶಿಷ್ಯೆಗೂ ಈ ವಿಷಯದಲ್ಲಿ ಮತಭೇದವಿದೆ. ಆಕೆ ಊರಿಗೆ ಬಂದಾಗೆಲ್ಲ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ.

ಶಿಷ್ಯೆ: ಇದರಲ್ಲಿ ವಾದ ಮಾಡುವುದಕ್ಕೆ ಏನಿದೆ ಸರ್? ಅವಿಭಾಜ್ಯ ಅಲ್ಲ ಅಂತ ಲ್ಯೂಕಾ ಹೇಳಿ 27 ವರ್ಷ ಆದಮೇಲೆ ಕೋಲ್ ಬಂದ. ಗೊತ್ತಿದ್ದ ಉತ್ತರಕ್ಕೇ ಇನ್ನೊಂದು ಸಲ ಚಪ್ಪಾಳೆ ಬಿತ್ತು.

ಮೇಷ್ಟ್ರು: ಏನು ಗೊತ್ತಿತ್ತು ಹೇಳು. ಒಡೆಯುತ್ತದೆ ಅಂತ ಗೊತ್ತಿತ್ತು. ಎಲ್ಲಿ ಒಡೆಯುತ್ತದೆ ಅಂತ ಲ್ಯೂಕಾನನ್ನೇ ಕೇಳಿದ್ದರೂ ಹೇಳುತ್ತಿರಲಿಲ್ಲ. ಬೀಗ ತೆರೆಯುತ್ತದೆ ಅನ್ನುವುದಕ್ಕೂ ಕೀ ತಂದು ಕೈಗೆ ಕೊಡುವುದಕ್ಕೂ ವ್ಯತ್ಯಾಸ ಇಲ್ಲವಾ?

ಶಿಷ್ಯೆ: ಅಪವರ್ತನ ಕಾಣದೆಯೇ ಒಡೆಯುತ್ತದೆ ಅಂತ ಸಾಧಿಸಿದ್ದೇ ದೊಡ್ಡದು ಸರ್. ಭಾಗಿಸಿ ಭಾಗಿಸಿ ನೋಡುವುದು ಯಾರಿಗಾದರೂ ಹೊಳೆಯುತ್ತದೆ. ಭಾಗಿಸದೆ ತಿಳಿಯಬಹುದು ಅಂತ ಹೊಳೆಯಬೇಕಲ್ಲ. ಒಂದು ಹಾಳೆ ಕೊಡಿ, ಚಿಕ್ಕದೊಂದರ ಮೇಲೆ ಮಾಡಿ ತೋರಿಸುತ್ತೇನೆ.

ಆಕೆ ಹಾಳೆಯ ನೆತ್ತಿಯಲ್ಲಿ 2⁷ − 1 = 127 ಎಂದು ಬರೆದು ಕೆಳಗೆ 4 ಇಟ್ಟಳು. ನಿಯಮ ಒಂದೇ: ಇರುವ ಸಂಖ್ಯೆಯನ್ನು ವರ್ಗ ಮಾಡು, ಎರಡು ಕಳೆ, 127ರಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೋ. 4ರ ವರ್ಗ 16, ಎರಡು ಹೋದರೆ 14. 14ರ ವರ್ಗ 196, ಎರಡು ಹೋದರೆ 194, ಅದರಲ್ಲಿ 127 ತೆಗೆದರೆ 67. 67ರಿಂದ 42 ಬಂತು, 42ರಿಂದ 111. ಇನ್ನು 111ರ ವರ್ಗ 12,321, ಎರಡು ಹೋದರೆ 12,319. ಅದು 127ರ 97 ಪಟ್ಟು. ಶೇಷ ಸೊನ್ನೆ.

ಶಿಷ್ಯೆ: ಘಾತಾಂಕ 7 ಆದ್ದರಿಂದ ಐದು ಹೆಜ್ಜೆ. ಐದನೆಯದರಲ್ಲಿ ಸೊನ್ನೆ ಬಂತು, ಹಾಗಾಗಿ 127 ಅವಿಭಾಜ್ಯ. ಈಗ 2¹¹ − 1 ತೆಗೆದುಕೊಳ್ಳಿ, 2047. ಅದಕ್ಕೆ ಒಂಬತ್ತು ಹೆಜ್ಜೆ, ಕೊನೆಯಲ್ಲಿ 1736 ಉಳಿಯುತ್ತದೆ. ಸೊನ್ನೆ ಅಲ್ಲ, ಆದ್ದರಿಂದ ಒಡೆಯುತ್ತದೆ. 23ನ್ನು 89ರಿಂದ ಗುಣಿಸಿದರೆ 2047 ಬರುತ್ತದೆ ಅಂತ ನಮಗೆ ಗೊತ್ತು. ಆದರೆ ಆ ಒಂಬತ್ತು ಹೆಜ್ಜೆಗಳಲ್ಲಿ 23 ಆಗಲಿ 89 ಆಗಲಿ ಎಲ್ಲೂ ಮುಖ ತೋರಿಸುವುದಿಲ್ಲ. ಇದು ನನಗೆ ಇವತ್ತಿಗೂ ಬೆರಗು.

ಮೇಷ್ಟ್ರು: ಬೆರಗೇ, ಒಪ್ಪಿದೆ. ಈ ನೇರವಾದ ರೂಪ ಅಮೆರಿಕದ ಲೆಹ್ಮರ್ 1930ರ ಹೊತ್ತಿಗೆ ಕೊಟ್ಟದ್ದು, ಬೇರು ಮಾತ್ರ ಲ್ಯೂಕಾನದೇ. ಆದರೆ ನಿನ್ನ ಹಾಳೆಯನ್ನೇ ಇಟ್ಟುಕೊಂಡು ಕೇಳುತ್ತೇನೆ. 2047ರಲ್ಲಿ ನೀನು ನಾಲ್ಕನೇ ಹೆಜ್ಜೆಯಲ್ಲಿ ದಶಕ ತಪ್ಪಿದೆ ಅಂತಿಟ್ಟುಕೋ. ಕೊನೆಗೆ ಏನು ಬರುತ್ತದೆ?

ಶಿಷ್ಯೆ: 1736ರ ಬದಲು ಬೇರೆ ಏನೋ ಒಂದು.

ಮೇಷ್ಟ್ರು: ಅದೂ ಸೊನ್ನೆ ಅಲ್ಲ, ಅಲ್ಲವಾ? ಅಂದರೆ ಲೆಕ್ಕ ಸರಿ ಇದ್ದರೂ ಒಡೆಯುತ್ತದೆ ಅನ್ನುತ್ತದೆ, ತಪ್ಪಿದ್ದರೂ ಒಡೆಯುತ್ತದೆ ಅನ್ನುತ್ತದೆ. 67ಕ್ಕೆ 65 ಹೆಜ್ಜೆ, ಪ್ರತಿಯೊಂದರಲ್ಲೂ ಇಪ್ಪತ್ತು, ಇಪ್ಪತ್ತೊಂದು ಅಂಕಿಯ ವರ್ಗ, ಆಮೇಲೆ ಭಾಗಾಕಾರ. ಕಾಗದ, ಪೆನ್ನಿನ ಕಾಲ ಅದು. ಎಲ್ಲೋ ಒಂದು ಕಡೆ ಕೈ ತಪ್ಪಿತ್ತೋ ಇಲ್ಲವೋ, ಆ ಕೊನೆಯ ಶೇಷದ ಮುಖ ನೋಡಿ ಯಾರು ಹೇಳಬಲ್ಲರು?

ಶಿಷ್ಯೆ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. ಈ ಪ್ರಶ್ನೆಯ ತೂಕ ಆಕೆಯ ಕಸುಬಿನವರಿಗೆ ಚೆನ್ನಾಗಿ ಗೊತ್ತು.

ಶಿಷ್ಯೆ: ಅದು ನಿಜ ಸರ್. 1996ರಿಂದ ಇಂಟರ್‌ನೆಟ್‌ನಲ್ಲಿ ಸ್ವಯಂಸೇವಕರು ಸೇರಿ ಮೆರ್ಸೆನ್ ಅವಿಭಾಜ್ಯಗಳನ್ನು ಹುಡುಕುತ್ತಿದ್ದಾರಲ್ಲ, ಅವರೂ ಇದೇ ಕಾರಣಕ್ಕೆ ಒಂದು ಯಂತ್ರ ‘ಅವಿಭಾಜ್ಯ ಅಲ್ಲ’ ಅಂದರೆ ನಂಬಿ ಬಿಡುತ್ತಿರಲಿಲ್ಲ. ಇನ್ನೊಂದು ಯಂತ್ರದಲ್ಲಿ ಮೊದಲಿನಿಂದ ಮಾಡಿಸಿ, ಎರಡೂ ಶೇಷ ತಾಳೆಯಾದರೆ ಮಾತ್ರ ಪಟ್ಟಿಗೆ ಹಾಕುತ್ತಿದ್ದರು. ಈಗ ಲೆಕ್ಕದ ಜೊತೆಗೇ ಅದು ಸರಿ ಅನ್ನುವ ಪುರಾವೆಯನ್ನೂ ಕಟ್ಟಿಕೊಡುವ ವಿಧಾನ ಬಂದಿದೆ.

ಮೇಷ್ಟ್ರು: ಕೋಲ್‌ನ ಉತ್ತರಕ್ಕೆ ಅದೆಲ್ಲ ಬೇಡ. ಎರಡು ಸಂಖ್ಯೆಗಳ ಕೊನೆಯ ಮೂರಂಕಿ ತಗೋ, 721 ಮತ್ತು 287. ಗುಣಿಸಿದರೆ 2,06,927. ನಮ್ಮ ಸಂಖ್ಯೆಯ ಕೊನೆಯ ಮೂರಂಕಿಯೂ 927. ಇನ್ನು ಅಂಕಿ ಕೂಡಿ ನೋಡು. ಮೊದಲನೆಯದರ ಅಂಕಿ ಕೂಡಿದರೆ 37, ಮತ್ತೆ ಕೂಡಿದರೆ 10, ಮತ್ತೆ 1. ಎರಡನೆಯದು 64, ಅದೂ 10 ಆಗಿ 1. ದೊಡ್ಡದು 109, ಅದೂ 10 ಆಗಿ 1. ಒಂದೊಂದ್ಲಿ ಒಂದು, ತಾಳೆ ಆಯಿತು.

ಶಿಷ್ಯೆ: ತಾಳೆ ಆಯಿತು, ಸಾಧನೆ ಆಗಲಿಲ್ಲ. ಮಧ್ಯದಲ್ಲಿ ಎರಡು ಅಂಕಿ ಅದಲು ಬದಲಾಗಿದ್ದರೂ ಈ ಎರಡು ಪರೀಕ್ಷೆ ಪಾಸಾಗುತ್ತಿತ್ತು.

ಮೇಷ್ಟ್ರು: ಹಾಗಾದರೆ ಪೂರ್ತಿ ಗುಣಿಸು. ಒಂದು ಒಂಬತ್ತಂಕಿ, ಇನ್ನೊಂದು ಹನ್ನೆರಡಂಕಿ. ಒಟ್ಟು 108 ಸಣ್ಣ ಗುಣಾಕಾರ, ಆಮೇಲೆ ಕೂಡುವುದು. ಮಗ್ಗಿ ಬರುವ ಮಗು ಮಾಡಬಹುದು. ಮೆರ್ಸೆನ್ನನ ಮಾತನ್ನು ಇನ್ನೂರು ವರ್ಷ ಜನ ಅವನ ಹೆಸರು ನೋಡಿ ನಂಬಿದರು. ಕೋಲ್‌ನನ್ನು ನಂಬುವ ಅಗತ್ಯವೇ ಯಾರಿಗೂ ಬೀಳಲಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಅದು.

ಶಿಷ್ಯೆ: ಸರಿ, ಒಡೆಯುವ ಸಂಖ್ಯೆಗೆ ಅಪವರ್ತನ ತೋರಿಸಬಹುದು. ಒಡೆಯದ ಸಂಖ್ಯೆಗೆ ಏನು ತೋರಿಸುತ್ತೀರಿ? ಅದೇ 1876ರಲ್ಲಿ ಲ್ಯೂಕಾ 2¹²⁷ − 1 ಅವಿಭಾಜ್ಯ ಅಂತ ಸಾಧಿಸಿದ. 39 ಅಂಕಿ. ಎಪ್ಪತ್ತೈದು ವರ್ಷ, 1951ರವರೆಗೆ, ಅದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಗೊತ್ತಿರಲಿಲ್ಲ. ಕೋಲ್‌ನ ದಾರಿ ಹಿಡಿದಿದ್ದರೆ ಅಲ್ಲಿಗೆ ಮುಟ್ಟುತ್ತಿದ್ದರಾ? ಲ್ಯೂಕಾನ ಪರೀಕ್ಷೆ ಹೌದು ಅಂತಲೂ ಹೇಳುತ್ತದೆ, ಇಲ್ಲ ಅಂತಲೂ ಹೇಳುತ್ತದೆ. ಕೋಲ್ ಹೇಳಿದ್ದು ಒಂದೇ ಒಂದು ಸಂಖ್ಯೆಯ ಸಂಗತಿ.

ಇಲ್ಲಿ ಚರಿತ್ರೆ ಆಕೆಯ ಬೆನ್ನಿಗಿದೆ. ಮೆರ್ಸೆನ್ನನ ಪಟ್ಟಿಯಲ್ಲಿ ಒಟ್ಟು ಐದು ತಪ್ಪುಗಳಿದ್ದವು. 67 ಮತ್ತು 257 ಇರಬಾರದಿತ್ತು. 61, 89 ಮತ್ತು 107 ಬಿಟ್ಟುಹೋಗಿದ್ದವು. 61ನ್ನು ರಷ್ಯಾದ ಪಾದ್ರಿ ಪೆರ್ವೂಶಿನ್ 1883ರಲ್ಲಿ ಸೇರಿಸಿದ. ಉಳಿದೆರಡನ್ನು 1911 ಮತ್ತು 1914ರಲ್ಲಿ ಅಮೆರಿಕದ ಪವರ್ಸ್ ಸೇರಿಸಿದ. ಈ ಮೂರೂ ಸಂಖ್ಯೆಗಳು ಅವಿಭಾಜ್ಯವಾದ್ದರಿಂದ ಅಲ್ಲಿ ಒಡೆದು ತೋರಿಸಲು ಏನೂ ಇರಲಿಲ್ಲ.

ಮೇಷ್ಟ್ರು: ಲ್ಯೂಕಾನ ಬುದ್ಧಿಯನ್ನು ನಾನೆಲ್ಲಿ ಹೀಗಳೆದೆ? ಹನೋಯ್ ಗೋಪುರದ ಆಟ ಮಾಡಿದವನೂ ಅವನೇ, 1883ರಲ್ಲಿ. ಮೂರು ಗೂಟ, ಒಂದರ ಮೇಲೊಂದು ಬಿಲ್ಲೆ, ದೊಡ್ಡದು ಚಿಕ್ಕದರ ಮೇಲೆ ಕೂರಬಾರದು. ಆ ಆಟದಲ್ಲಿ 67 ಬಿಲ್ಲೆ ಇಟ್ಟರೆ ಕಡಿಮೆಯೆಂದರೂ ಎಷ್ಟು ನಡೆ ಬೇಕು ಗೊತ್ತಾ?

ಶಿಷ್ಯೆ: 2⁶⁷ − 1. ನಮ್ಮ ಸಂಖ್ಯೆಯೇ! ಸೆಕೆಂಡಿಗೊಂದು ನಡೆ ಅಂದರೂ ನಾಲ್ಕೂವರೆ ಲಕ್ಷ ಕೋಟಿ ವರ್ಷ ದಾಟುತ್ತದೆ. ಅಂಥದ್ದರ ಒಳಗುಟ್ಟನ್ನು 65 ಹೆಜ್ಜೆಯಲ್ಲಿ ತಿಳಿದವನು ಅವನು. ಕೋಲ್ ಕಡೆಯಿಂದ ಇಂಥದ್ದೇನಿದೆ?

ಮೇಷ್ಟ್ರು: ಇದೆ. ಅವನು ಸುಮ್ಮನೆ 3, 5, 7 ಅಂತ ಭಾಗಿಸುತ್ತ ಹೋದ ಅಂದುಕೊಂಡೆಯಾ? ಈ ಸಂಖ್ಯೆಯ ಯಾವ ಅಪವರ್ತನವೇ ಆಗಲಿ, 134ರ ಯಾವುದೋ ಗುಣಕಕ್ಕೆ ಒಂದು ಕೂಡಿಸಿದಂತೆ ಇರಲೇಬೇಕು. ಅದರ ಮೇಲೆ, 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು. 134ಕ್ಕೆ 1 ಸೇರಿಸಿದರೆ 135, ಅದು 5ರಿಂದ ಹೋಗುತ್ತದೆ, ಬಿಡು. ಹೀಗೆ ಸೋಸುತ್ತ ಬಂದರೆ ಪರೀಕ್ಷಿಸಲು ಯೋಗ್ಯವಾದ ಮೊದಲ ಅವಿಭಾಜ್ಯ 1609. ಅಲ್ಲಿಯವರೆಗೆ ನೂರಾರು ಅವಿಭಾಜ್ಯಗಳನ್ನು ಮುಟ್ಟುವುದೇ ಬೇಡ.

ಶಿಷ್ಯೆ: ಆದರೂ 19,37,07,721 ಬರುವುದು 134ರ 14,45,580ನೇ ಗುಣಕದಲ್ಲಿ. ಅರ್ಧ ಸೋಸಿದರೂ ಏಳು ಲಕ್ಷಕ್ಕೂ ಹೆಚ್ಚು ಉಳಿಯುತ್ತವೆ.

ಮೇಷ್ಟ್ರು: ಅದಕ್ಕೇ ಅವನು ಭಾಗಾಕಾರ ನೆಚ್ಚಿಕೊಳ್ಳಲಿಲ್ಲ. ಸಂಖ್ಯೆಯ ವರ್ಗಶೇಷಗಳನ್ನು, ಅಂದರೆ ವರ್ಗಗಳನ್ನು ಆ ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷಗಳನ್ನು, ಒಂದೊಂದಾಗಿ ಕಲೆಹಾಕಿದ. ಒಂದೊಂದು ವರ್ಗಶೇಷ ಸಿಕ್ಕಿದ ಹಾಗೂ ಅಪವರ್ತನ ಇರಬಹುದಾದ ಜಾಗ ಅರ್ಧಕ್ಕರ್ಧ ಕಿರಿದಾಗುತ್ತದೆ. ಇಂಥ ಶೇಷಗಳನ್ನು ಹಿಡಿದೇ ಈಗಿನ ದೊಡ್ಡ ದೊಡ್ಡ ಅಪವರ್ತನದ ವಿಧಾನಗಳೂ ನಡೆಯುತ್ತವೆ ಅಂತ ನೀನೇ ಅಲ್ಲವಾ ಹೇಳಿದ್ದು?

ಶಿಷ್ಯೆ: ಹೇಳಿದ್ದೆ. ಅದನ್ನು ಹಿಂತೆಗೆದುಕೊಳ್ಳುವುದಿಲ್ಲ. ನನ್ನ ತಕರಾರು ಆ ಕಥೆಯ ಮೇಲೆ. ಕೋಲ್ ಒಂದೂ ಮಾತಾಡದೆ ಕಪ್ಪುಹಲಗೆಯ ಒಂದು ಬದಿಯಲ್ಲಿ 2⁶⁷ − 1 ಲೆಕ್ಕ ಹಾಕಿದ, ಇನ್ನೊಂದು ಬದಿಯಲ್ಲಿ ಎರಡು ಸಂಖ್ಯೆ ಗುಣಿಸಿದ, ಎರಡೂ ಒಂದೇ ಬಂತು, ಹೋಗಿ ಕೂತ. ಎಷ್ಟು ಕಾಲ ಹಿಡಿಯಿತು ಅಂದರೆ ಮೂರು ವರ್ಷದ ಭಾನುವಾರಗಳು ಅಂದ. ಇದನ್ನು ಬರೆದವನು ಎರಿಕ್ ಟೆಂಪಲ್ ಬೆಲ್, 1951ರ ಪುಸ್ತಕದಲ್ಲಿ. ಸುಮಾರು ಅರ್ಧ ಶತಮಾನ ಆದಮೇಲೆ. ಬೆಲ್ ಕಥೆಗೆ ರಂಗು ಹಚ್ಚುವುದರಲ್ಲಿ ಪಳಗಿದ ಕೈ.

ಮೇಷ್ಟ್ರು: ರಂಗು ಬೇಕಾದರೆ ಕೆರೆದು ಹಾಕು. ಸಭೆಯಲ್ಲಿ ಅವನು ಮಾತಾಡಿದನೋ ಇಲ್ಲವೋ, ನನಗೆ ಅದು ಮುಖ್ಯ ಅಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಅವನ ಲೇಖನ ಅಚ್ಚಾಗಿದೆ. ಎರಡು ಅಪವರ್ತನಗಳೂ ಅಲ್ಲಿವೆ, ದಾರಿಯೂ ಅಲ್ಲಿದೆ.

ಶಿಷ್ಯೆ: ಆ ಲೆಕ್ಕ ನನ್ನ ಲ್ಯಾಪ್‌ಟಾಪ್‌ಗೆ ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ ಸರ್. ಮೂರು ವರ್ಷದ ಭಾನುವಾರಗಳು ನಿಜವೇ ಆಗಿದ್ದರೆ, ಆ ಶ್ರಮಕ್ಕೆ ಈಗ ಏನು ಬೆಲೆ?

ಮೇಷ್ಟ್ರು: ಹೊತ್ತಿನ ಲೆಕ್ಕದಲ್ಲಿ ನೋಡಿದರೆ ಲ್ಯೂಕಾನ 65 ಹೆಜ್ಜೆಗೂ ನಿನ್ನ ಯಂತ್ರ ಕಣ್ಣು ಮಿಟುಕಿಸುವುದಿಲ್ಲ. ಅದಕ್ಕೂ ಬೆಲೆ ಇಲ್ಲವಾ?

ಈ ಮಾತಿಗೆ ಆಕೆ ಉತ್ತರ ಕೊಡಲಿಲ್ಲ. ಮೇಷ್ಟ್ರು ಕಪಾಟಿನಿಂದ ‘ಗಣಿತಸಾರಸಂಗ್ರಹ’ ತೆಗೆದರು. ಒಂಬತ್ತನೆಯ ಶತಮಾನದಲ್ಲಿ, ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಬರೆದ ಸಂಸ್ಕೃತ ಗ್ರಂಥ. ಅದರಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿದೆ. ಆ ಎಣಿಕೆಯಲ್ಲಿ 2⁶⁷ − 1ರ ಮೊದಲ ಅಂಕಿ ಕೂರುವುದು 21ನೇ ಸ್ಥಾನವಾದ ಕ್ಷಿತ್ಯದಲ್ಲಿ. ಮುಂದೆ ಗುಣಾಕಾರದ ಭಾಗದಲ್ಲಿ ಹಾರದಂತೆ ಕಾಣುವ ಗುಣಲಬ್ಧಗಳಿವೆ. 139ನ್ನು 109ರಿಂದ ಗುಣಿಸಿದರೆ 15151. 14,28,57,143ನ್ನು 7ರಿಂದ ಗುಣಿಸಿದರೆ ಎರಡು ತುದಿಯಲ್ಲಿ ಒಂದು, ನಡುವೆಲ್ಲ ಸೊನ್ನೆ.

ಮೇಷ್ಟ್ರು: ಆಚಾರ್ಯರು ಮಣಿ ಕೊಟ್ಟು ಹಾರ ಮಾಡಿಸುತ್ತಾರೆ. ಅದು ಸುಲಭ, ಸೊಗಸು. ಹಾರ ಕೊಟ್ಟು ಮಣಿ ಹುಡುಕು ಅಂದಾಗ ಕಷ್ಟ ಶುರು. ಕೋಲ್ ಮಾಡಿದ್ದು ಆ ಎರಡನೆಯದನ್ನು.

ಶಿಷ್ಯೆ: ನಾನು ಸಂಬಳ ತಗೊಳ್ಳುವುದೂ ಆ ಕಷ್ಟದ ಮೇಲೇ ಸರ್. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಮೂವರೂ ಕಟ್ಟಿದ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದೇ ಇದರ ಮೇಲೆ. ಎರಡು ದೊಡ್ಡ ಅವಿಭಾಜ್ಯ ಆರಿಸಿ ಗುಣಿಸಿ, ಗುಣಲಬ್ಧವನ್ನು ಊರಿಗೆಲ್ಲ ಹಂಚಿ. ಒಡೆಯಬಲ್ಲವರು ಮಾತ್ರ ಗುಟ್ಟು ಓದಬಹುದು. ಆ ವರ್ಷ ಸವಾಲಾಗಿ ಕೊಟ್ಟ 129 ಅಂಕಿಯ ಸಂಖ್ಯೆ ಒಡೆದದ್ದು 1994ರಲ್ಲಿ, ಸುಮಾರು 1600 ಕಂಪ್ಯೂಟರ್ ದುಡಿದಮೇಲೆ. 250 ಅಂಕಿಯದು 2020ರಲ್ಲಿ ಒಡೆಯಿತು. ಈಗ ಸಾಮಾನ್ಯವಾಗಿ ಬಳಸುವುದು 617 ಅಂಕಿಯದು.

ಮೇಷ್ಟ್ರು: ನೋಡಿದೆಯಾ, ಕೋಲ್‌ನ ಕಷ್ಟವೇ ನಿನ್ನ ಕಂಪನಿಯ ಬಂಡವಾಳ.

ಶಿಷ್ಯೆ: ಅರ್ಧ ಮಾತ್ರ! ಆ ಎರಡು ಅವಿಭಾಜ್ಯ ಎಲ್ಲಿಂದ ತರುತ್ತೀರಿ? ಮುನ್ನೂರು ಅಂಕಿಯ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಒಡೆದು ನೋಡಲು ಕೂತರೆ ಆಯುಷ್ಯ ಸಾಲದು. ಒಡೆಯದೆಯೇ ಪರೀಕ್ಷೆ ಮಾಡಬೇಕು. ಆ ಯೋಚನೆ ಬೆಳೆದದ್ದು ಲ್ಯೂಕಾನ ಹಾದಿಯಲ್ಲಿ. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರು ಯಾವುದೇ ಸಂಖ್ಯೆಗೂ ಈ ಪರೀಕ್ಷೆಯನ್ನು ಬೇಗನೆ, ಎಳ್ಳಷ್ಟೂ ಸಂಶಯ ಉಳಿಯದಂತೆ ಮಾಡಬಹುದು ಅಂತ ತೋರಿಸಿದರು. ಅಪವರ್ತನ ಹುಡುಕುವುದಕ್ಕೆ ಅಂಥ ವೇಗದ ದಾರಿ ಮಾಮೂಲಿ ಕಂಪ್ಯೂಟರಿಗೆ ಇನ್ನೂ ಸಿಕ್ಕಿಲ್ಲ. ಒಡೆಯುತ್ತದಾ ಅನ್ನುವ ಪ್ರಶ್ನೆ, ಎಲ್ಲಿ ಒಡೆಯುತ್ತದೆ ಅನ್ನುವ ಪ್ರಶ್ನೆ, ಇವೆರಡೂ ಬೇರೆ ಬೇರೆ ಅಂತ ಮೊದಲು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ್ದು ಲ್ಯೂಕಾನ 67.

ಮೇಷ್ಟ್ರು: ಬೇರೆ ಬೇರೆ ಅಂತ ನಾನೂ ಮೊದಲಿಂದ ಅದನ್ನೇ ಹೇಳುತ್ತಿದ್ದೇನೆ. ಬೇರೆ ಅಂದಮೇಲೆ ಎರಡನೆಯದನ್ನು ಗೊತ್ತಿದ್ದ ಉತ್ತರ ಅಂತ ತಳ್ಳಿಹಾಕುವಂತಿಲ್ಲವಲ್ಲ.

ಶಿಷ್ಯೆ: ತಳ್ಳಿಹಾಕುವುದಿಲ್ಲ. ಆದರೆ ಮೊದಲನೆಯದನ್ನು ಅರೆಬರೆ ಅರಿವು ಅಂದರೆ ಒಪ್ಪುವುದಿಲ್ಲ. 2¹²⁷⁷ − 1 ತಗೊಳ್ಳಿ. 385 ಅಂಕಿ. ಅದು ಒಡೆಯುತ್ತದೆ ಅಂತ ಗೊತ್ತು. ಘಾತಾಂಕ ಅವಿಭಾಜ್ಯವಾಗಿದ್ದು, ಒಡೆಯುತ್ತದೆ ಅಂತ ಗೊತ್ತಿದ್ದೂ ಒಂದು ಅಪವರ್ತನವೂ ಕೈಗೆ ಸಿಗದ ಮೆರ್ಸೆನ್ ಸಂಖ್ಯೆಗಳಲ್ಲಿ ಅದೇ ಅತಿ ಚಿಕ್ಕದು. ಲೆಕ್ಕವಿಲ್ಲದಷ್ಟು ಯಂತ್ರಗಳ ಹೊತ್ತು ಅದರ ಮೇಲೆ ಹೋಗಿದೆ. ಅಪವರ್ತನ ಕಂಡಿಲ್ಲ ಅಂತ ಅದು ಅವಿಭಾಜ್ಯ ಇರಬಹುದೇನೋ ಅಂತ ಅನುಮಾನಿಸುತ್ತೀರಾ?

ಮೇಷ್ಟ್ರು: ಅನುಮಾನ ಇಲ್ಲ. ಹಸಿವು ಇದೆ. 1903ಕ್ಕೆ ಮುಂಚೆ 67 ಇದ್ದ ಜಾಗದಲ್ಲೇ ಇವತ್ತು 1277 ಕೂತಿದೆ. ನಿನ್ನ ಕೈಯಲ್ಲಿ ಒಂದು ದೊಡ್ಡ ಯಂತ್ರ ಒಂದು ವರ್ಷ ಇದ್ದರೆ ಏನು ಮಾಡುತ್ತೀ?

ಶಿಷ್ಯೆ: ಹೊಸ ಘಾತಾಂಕ ಪರೀಕ್ಷಿಸುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಸಿಕ್ಕಿತಲ್ಲ, ಘಾತಾಂಕ 13,62,79,841, ಉತ್ತರದಲ್ಲಿ ನಾಲ್ಕು ಕೋಟಿ ಹತ್ತು ಲಕ್ಷ ಅಂಕಿ, ಗೊತ್ತಿರುವ ಮೆರ್ಸೆನ್ ಅವಿಭಾಜ್ಯಗಳಲ್ಲಿ 52ನೆಯದು. ಅದರ ಆಚೆ ಏನಿದೆ ನೋಡಬೇಕು.

ಮೇಷ್ಟ್ರು: ನಾನು 1277ರ ಹಿಂದೆ ಬೀಳುತ್ತೇನೆ. 2554ರ ಗುಣಕಕ್ಕೆ ಒಂದು ಕೂಡಿಸಿದಂಥ ಒಂದು ಅವಿಭಾಜ್ಯ ಎಲ್ಲೋ ಅಡಗಿದೆ. ನಾಳೆ ಅದು ಸಿಕ್ಕಿತು ಅಂತಿಟ್ಟುಕೋ. ಹೊಸ ಅರಿವು ಅನ್ನುತ್ತೀಯೋ, ಹಳೆಯದೇ ಇನ್ನೊಂದು ಸಲ ಅನ್ನುತ್ತೀಯೋ?

ಶಿಷ್ಯೆ: ಹೇಗೆ ಸಿಕ್ಕಿತು ಅನ್ನುವುದರ ಮೇಲೆ ಹೋಗುತ್ತದೆ. ಹೊಸ ವಿಧಾನದಿಂದ ಆಗಿದ್ದರೆ ರಜೆ ಹಾಕಿ ಕೂತು ಆ ಲೇಖನ ಓದುತ್ತೇನೆ. ಹಳೆಯ ವಿಧಾನದಲ್ಲೇ ಅದೃಷ್ಟ ಕೂಡಿ ಬಂದಿದ್ದರೆ ಸಂಖ್ಯೆ ಗುರುತು ಹಾಕಿಕೊಂಡು ನನ್ನ ಕೆಲಸಕ್ಕೆ ಹೋಗುತ್ತೇನೆ.

ಮೇಷ್ಟ್ರು: ನಾನು ಲೇಖನ ಆಮೇಲೆ ಓದುತ್ತೇನೆ. ಆ ದೊಡ್ಡ ಸಂಖ್ಯೆ 271ರಲ್ಲಿ ಮುಗಿಯುತ್ತದೆ, ಅದನ್ನು ಆಗಲೇ ಲೆಕ್ಕ ಹಾಕಿಟ್ಟಿದ್ದೇನೆ. ಮೊದಲು ಅಪವರ್ತನಗಳ ಕೊನೆಯ ಮೂರಂಕಿ ಗುಣಿಸಿ 271 ಬರುತ್ತದಾ ನೋಡುತ್ತೇನೆ.

ಶಿಷ್ಯೆ: 271 ಬಂದರೆ ಸಾಲದು ಸರ್. ಇನ್ನೂ 382 ಅಂಕಿ ಬಾಕಿ ಇರುತ್ತವೆ.

ಮೇಷ್ಟ್ರು: ಗುಣಿಸೋಣ. ನೀನು ಬರುವಾಗ ಹಾಳೆ ಜಾಸ್ತಿ ತಗೊಂಡು ಬಾ.